ಮೋಟಾರು ಎಂಜಿನ್ನನ್ನು ಎತ್ತುವ ಮತ್ತು ನಿಲ್ಲಿಸುವ ಕ್ರಮ

ಅನೇಕ ಭೂಮಾಲೀಕರ ಮನೆಗಳಲ್ಲಿ ಕಾರು ಅಥವಾ ಜೀಪು ಇರುವುದರಿಂದ, ಅದರ ಎಂಜಿನ್ನನ್ನು ಅಂಗಳದಲ್ಲಿಯೇ ಬಿಚ್ಚಿ ದುರಸ್ತು ಮಾಡಿಸುವುದುಂಟು. ಗಾಡಿಯ ಅಚ್ಚನ್ನು ನಾಲ್ಕಾಳುಗಳಿಂದ ಎತ್ತಿಸಿದಂತೆಯೇ ಇದನ್ನೂ ಎತ್ತಿಸಬಹುದೆಂದು ಭಾವಿಸುವುದು ಅಪಾಯಕರವು. ನಾಲ್ಕು ಸಿಲಿಂಡರುಗಳ ಕಾರಿನ ಎಂಜಿನ್ನು ಸಾಧಾರಣವಾಗಿ 100ರಿಂದ 200 ಕಿಲೋಗ್ರಾಂ ತೂಗುವುದು. ಜಾರಿದ ಮೇಲೆ ಅದನ್ನು ಕೈಯಿಂದ ತಡೆಯುವುದು ಅಸಾಧ್ಯ.

ಮುಖ್ಯವಾಗಿ ತಿಳಿಯತಕ್ಕ ಸಂಗತಿಯೇನೆಂದರೆ, ಎತ್ತುವ ಸಾಧನವೇ ಬೇರೆ, ಹೊರುವ ಸಾಧನವೇ ಬೇರೆ. ಜ್ಯಾಕು ಎತ್ತುವುದಕ್ಕೆ ಮಾತ್ರ ತಕ್ಕದ್ದು. ಎಣ್ಣೆಯ ಜ್ಯಾಕಿನ ಒಳಗಣ ಬಿರಡೆ ಸವೆದಿದ್ದರೆ ಭಾರವು ಯಾವ ಸೂಚನೆಯೂ ಇಲ್ಲದೆ ಇಳಿಯುವುದು. ಆದಕಾರಣ ವಾಹನವನ್ನು ಎತ್ತಿದ ಕೂಡಲೇ, ಗಟ್ಟಿಯಾದ ಸಮನೆಲದ ಮೇಲೆ, ಉಕ್ಕಿನ ಸ್ಟ್ಯಾಂಡುಗಳನ್ನು ಕೊಟ್ಟು ನಿಲ್ಲಿಸತಕ್ಕದ್ದು. ಇಟ್ಟಿಗೆಗಳನ್ನು ಆಸರೆಗೆ ಇಡಲೇಕೂಡದು. ಅವು ಭಾರಕ್ಕೆ ಒಮ್ಮೆಲೇ ಒಡೆಯುತ್ತವೆ.

ಎಂಜಿನ್ನಿನ ರಬ್ಬರು ಆಸರೆಗಳನ್ನು ಮಾತ್ರ ಬದಲಿಸುವಾಗ ಅದನ್ನು ಕೆಳಗಿನಿಂದ ಸ್ವಲ್ಪವೇ ಎತ್ತಿದರೆ ಸಾಕು. ಎಣ್ಣೆಯ ತೊಟ್ಟಿಯು ಬಹುಮಟ್ಟಿಗೆ ತೆಳುವಾದ ತಗಡಿನದಾದ್ದರಿಂದ, ಜ್ಯಾಕಿನ ತಲೆಗೂ ಅದಕ್ಕೂ ನಡುವೆ ಅಗಲವಾದ ದಪ್ಪ ಹಲಗೆಯಿರಬೇಕು.

ಎಂಜಿನ್ನನ್ನು ಪೂರ್ತಿಯಾಗಿ ಹೊರತೆಗೆಯಬೇಕಾದರೆ ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚಿ, ನೀರನ್ನೂ ಎಣ್ಣೆಯನ್ನೂ ಬಸಿದು, ಇಂಧನದ ಕೊಳವೆಯನ್ನು ಮುಚ್ಚಬೇಕು. ಗೇರುಪೆಟ್ಟಿಗೆಯು ವಾಹನದಲ್ಲಿಯೇ ಉಳಿಯುವುದಾದರೆ ಅದಕ್ಕೆ ಪ್ರತ್ಯೇಕ ಆಸರೆ ಬೇಕು. ಮನೆಯ ತೊಲೆಯನ್ನಾಗಲಿ ಮಾವಿನ ಕೊಂಬೆಯನ್ನಾಗಲಿ ನಂಬದೆ, ಭಾರಕ್ಕೆ ತಕ್ಕ ಮುಕ್ಕಾಲು ಚೌಕಟ್ಟನ್ನೂ ಸರಪಣಿ ರಾಟೆಯನ್ನೂ ತರಿಸುವುದು ಲೇಸು. ಚೌಕಟ್ಟಿನ ಕಾಲುಗಳು ಅಗಲಕ್ಕೆ ಜಾರದಂತೆ ಬುಡದಲ್ಲಿ ಒಂದಕ್ಕೊಂದು ಸರಪಣಿಯಿಂದ ಬಿಗಿದಿರಬೇಕು.

ಎಂಜಿನ್ನಿಗೆ ಕಟ್ಟುವ ಸರಪಣಿಯ ಎರಡು ಎಳೆಗಳು ಗಿಡ್ಡವಾಗಿರಬಾರದು. ಅವು ನೆಲಮಟ್ಟಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಒಂದೊಂದರ ಮೇಲೂ ಪೂರ್ಣ ಭಾರದ ನೂರಕ್ಕೆ 58 ಪಾಲು ಬೀಳುವುದು. 30 ಡಿಗ್ರಿಗೆ ಇಳಿದರೆ ಒಂದೊಂದೂ ಪೂರ್ಣ ಭಾರವನ್ನೇ ಹೊರಬೇಕಾಗುವುದು. ಸೆಣಬಿನ ಹಳೆಯ ಹಗ್ಗವು ಈ ಕೆಲಸಕ್ಕೆ ಸಲ್ಲದು.

ಒಂದು ಅಂಗುಲ ಎತ್ತಿದೊಡನೆ ನಿಲ್ಲಿಸಿ, ಸಿಕ್ಕಿಕೊಂಡಿರುವ ತಂತಿ ಕೊಳವೆಗಳೇನಾದರೂ ಉಂಟೋ ಎಂದು ನೋಡಬೇಕು. ಬಳಿಕ ವಾಹನವನ್ನು ಹಿಂದಕ್ಕೆ ಸರಿಸಿ, ಎಂಜಿನ್ನನ್ನು ತಡಮಾಡದೆ ಮರದ ಚೌಕಟ್ಟಿನ ಮೇಲೆ ಇಳಿಸಬೇಕು. ತೂಗಾಡುವ ಎಂಜಿನ್ನಿನ ಮೇಲೆ ಯಾವ ದುರಸ್ತನ್ನೂ ಮಾಡತಕ್ಕದ್ದಲ್ಲ.

ಇಂಥ ಕೆಲಸದಲ್ಲಿ ಭಾರದ ಕೆಳಗೆ ನುಸುಳುವವನು ಬಹುಶಃ ಮನೆಯ ಆಳು ಇಲ್ಲವೆ ಕಲಿಯಲು ಬಂದ ಹುಡುಗನು. ಕೆಲಸ ಹೇಳಿದ ಯಜಮಾನನ ಮಾತನ್ನು ಮೀರುವ ಧೈರ್ಯ ಅವನಿಗಿರದು. ಆದುದರಿಂದ ಸ್ಟ್ಯಾಂಡುಗಳು ಸಿದ್ಧವಾಗುವವರೆಗೂ ಕೆಲಸವನ್ನು ಆರಂಭಿಸಗೊಡದಿರುವುದು ಯಜಮಾನನ ಕರ್ತವ್ಯವು. ಗ್ರಾಮದ ಮುಖಂಡರು ತಾವು ಈ ನಿಯಮವನ್ನು ನಡೆಸಿ ತೋರಿಸಿದರೆ ಇತರರೂ ಅನುಸರಿಸುವರು.