ಬೆರಳು ನೋಡಿ ಹಾರ್ಮೋನು ತಿಳಿಯಬಹುದೇ?



ಕೆಲವು ದಿನಗಳ ಹಿಂದೆ ಒಬ್ಬ ತಾಯಿ ತಮ್ಮ ಮಗಳೊಂದಿಗೆ ನನ್ನ ಬಳಿ ಬಂದಿದ್ದರು. ಹುಡುಗಿಗೆ ಗಂಡು ನೋಡುತ್ತಿದ್ದಾರೆ. ಗಂಡಿನ ಕಡೆಯವರೊಬ್ಬರು ಆಕೆಯ ಕೈ ನೋಡಿ, "ಉಂಗುರಬೆರಳು ತೋರುಬೆರಳಿಗಿಂತ ಉದ್ದ ಇದೆ, ಗಂಡಸರ ಹಾರ್ಮೋನು ಜಾಸ್ತಿ, ಮಕ್ಕಳಾಗುವುದು ಕಷ್ಟ" ಎಂದು ಹೇಳಿ ಎದ್ದು ಹೋದರಂತೆ. "ಇದು ಕೈ ನೋಡಿ ಹೇಳುವ ಶಾಸ್ತ್ರವಲ್ಲ ಫಾದರ್, ವಿಜ್ಞಾನವಂತೆ" ಎಂದು ಆ ತಾಯಿ ಅತ್ತುಬಿಟ್ಟರು. ಆದ್ದರಿಂದ ಈ ಸಲ ಆಲೂಗಡ್ಡೆಯ ಅಂಗಮಾರಿ ರೋಗದ ವಿಷಯವನ್ನು ಮುಂದಕ್ಕೆ ಹಾಕಿದ್ದೇನೆ.

ಆ ಮಾತಿನಲ್ಲಿ ವಿಜ್ಞಾನದ ಒಂದು ಎಳೆ ಇರುವುದು ನಿಜ. ನಿರ್ನಾಳ ಗ್ರಂಥಿಗಳು ರಕ್ತಕ್ಕೆ ಬಿಡುವ ರಸಗಳಿಗೆ ಹಾರ್ಮೋನು ಎನ್ನುತ್ತಾರೆ. ಟೆಸ್ಟೋಸ್ಟಿರೋನ್ ಗಂಡಸರಲ್ಲಿ ಹೆಚ್ಚು, ಈಸ್ಟ್ರೋಜನ್ ಹೆಂಗಸರಲ್ಲಿ ಹೆಚ್ಚು. ಆದರೆ ಎರಡೂ ಇಬ್ಬರಲ್ಲಿಯೂ ಇವೆ. ತಾಯಿಯ ಗರ್ಭದಲ್ಲಿ ಮಗುವಿನ ಬೆರಳುಗಳು ಮೂಡುವ ಕಾಲದಲ್ಲಿ ಈ ಹಾರ್ಮೋನುಗಳು ಅವುಗಳ ಬೆಳವಣಿಗೆಯನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡುತ್ತವೆ ಎಂಬುದು ವಿಜ್ಞಾನಿಗಳ ಊಹೆ. ತೋರುಬೆರಳಿನ ಉದ್ದವನ್ನು ಉಂಗುರಬೆರಳಿನ ಉದ್ದದಿಂದ ಭಾಗಿಸಿದರೆ ಬರುವ ಸಂಖ್ಯೆ ಸರಾಸರಿಯಲ್ಲಿ ಗಂಡಸರಿಗೆ ತುಸು ಕಡಿಮೆ. 1998ರಲ್ಲಿ ಇಂಗ್ಲೆಂಡಿನ ಜಾನ್ ಮ್ಯಾನಿಂಗ್ ಮತ್ತು ಸಂಗಡಿಗರು ಈ ಸಂಖ್ಯೆಗೂ ಹಾರ್ಮೋನುಗಳಿಗೂ ಸಂಬಂಧವಿದೆ ಎಂದು ಬರೆದ ಮೇಲೆ ವಿಷಯ ಪತ್ರಿಕೆಗಳಿಗೆ ಹರಡಿತು. 2011ರಲ್ಲಿ ಅಮೆರಿಕದ ಝೆಂಗ್ ಮತ್ತು ಕೋನ್ ಎಂಬುವರು ಇಲಿಮರಿಗಳಲ್ಲಿ ಹುಟ್ಟುವ ಮೊದಲೇ ಹಾರ್ಮೋನಿನ ಪ್ರಭಾವವನ್ನು ಬದಲಿಸಿ, ಬೆರಳಿನ ಉದ್ದವೂ ಬದಲಾಗುವುದನ್ನು ತೋರಿಸಿದರು.

ಇಷ್ಟು ಸರಿ. ಆದರೆ ಇದು ಗುಂಪಿನ ಸರಾಸರಿ. ಕೇತಿ ಕಣಿವೆಯಲ್ಲಿ ಕ್ಯಾರೆಟ್ ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೊಬ್ಬರ ಹೆಚ್ಚು ಹಾಕಿದ ಪಾತಿಯಲ್ಲಿ ಗೆಡ್ಡೆಗಳು ಒಟ್ಟಿನಲ್ಲಿ ಉದ್ದವಾಗಬಹುದು. ಆದರೆ ಮಂಡಿಯಲ್ಲಿ ರಾಶಿಯಿಂದ ಒಂದು ಕ್ಯಾರೆಟ್ ಎತ್ತಿ, ಇದು ಯಾವ ಪಾತಿಯದು, ಎಷ್ಟು ಗೊಬ್ಬರ ತಿಂದಿದೆ ಎಂದು ಹೇಳಬಲ್ಲವರು ಯಾರು? ಉಂಗುರಬೆರಳು ಉದ್ದವಿರುವ ಹೆಂಗಸರು ಬಹಳ ಮಂದಿ. ಮನೆಯಲ್ಲಿರುವ ನಾಲ್ಕಾರು ತಾಯಂದಿರ, ಅಜ್ಜಿಯರ ಕೈಗಳನ್ನು ನೋಡಿದರೆ ನಿಮಗೇ ತಿಳಿಯುತ್ತದೆ.

ಅಳತೆಯ ಕಷ್ಟವೂ ಇದೆ. ಅಂಗೈ ಮೇಲೆ ಮಾಡಿ, ಬೆರಳಿನ ಬುಡದ ಗೆರೆಯಿಂದ ತುದಿಯವರೆಗೆ ಅಳೆಯಬೇಕು, ಉಗುರು ಸೇರಿಸಬಾರದು. ತೋರುಬೆರಳು 70 ಮಿಲಿಮೀಟರ್, ಉಂಗುರಬೆರಳು 72 ಇದ್ದರೆ ಲೆಕ್ಕ 0.97. ತೋರುಬೆರಳನ್ನು ಒಂದೇ ಮಿಲಿಮೀಟರ್ ಹೆಚ್ಚಾಗಿ ಅಳೆದರೆ ಸುಮಾರು 0.99 ಆಗುತ್ತದೆ. ಗಂಡು ಹೆಣ್ಣಿನ ಸರಾಸರಿಗಳ ನಡುವಿನ ವ್ಯತ್ಯಾಸವೇ ಹೆಚ್ಚುಕಡಿಮೆ ಅಷ್ಟು! ದೇಶದಿಂದ ದೇಶಕ್ಕೆ ಇರುವ ವ್ಯತ್ಯಾಸ ಅದಕ್ಕಿಂತ ದೊಡ್ಡದು.

ಮುಖ್ಯ ಸಂಗತಿ ಇನ್ನೊಂದು. ಗರ್ಭದಲ್ಲಿದ್ದಾಗಿನ ಹಾರ್ಮೋನು ಬೇರೆ, ಇಪ್ಪತ್ತು ವರ್ಷದ ಹುಡುಗಿಯ ರಕ್ತದಲ್ಲಿ ಇಂದು ಇರುವ ಹಾರ್ಮೋನು ಬೇರೆ. 2007ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ, ಬೆಳೆದವರ ರಕ್ತದ ಹಾರ್ಮೋನಿಗೂ ಬೆರಳಿಗೂ ಸಂಬಂಧ ಕಾಣಲಿಲ್ಲ.

ನಮ್ಮ ಬೆಟ್ಟಕ್ಕೆ ಇಂಥ ಅಳತೆಗೋಲು ಹೊಸದೇನಲ್ಲ. ಮದರಾಸು ವಸ್ತುಸಂಗ್ರಹಾಲಯದ ಅಧಿಕಾರಿ ಎಡ್ಗರ್ ಥರ್ಸ್ಟನ್ ಇಲ್ಲಿನ ತೋಡರ, ಕೋತರ ತಲೆ, ಮೂಗುಗಳನ್ನು ಅಳೆದು 1896ರಲ್ಲಿ ಪ್ರಕಟಿಸಿದರು. ಮೂಗಿನ ಅಗಲ ನೋಡಿ ಜನರ ಮೇಲುಕೀಳು ಹೇಳುವ ಹುರುಪು ಆಗಿನ ಕೆಲವು ಅಧಿಕಾರಿಗಳಿಗಿತ್ತು. ಅಳತೆಯ ಅಂಕಿಗಳು ಸರಿಯಿದ್ದಿರಬಹುದು. ಅವುಗಳಿಂದ ತೆಗೆದ ಆ ತೀರ್ಮಾನ ಸುಳ್ಳಾಯಿತು.

ಹಾರ್ಮೋನಿನ ತೊಂದರೆಗೆ ಬೇರೆ ಲಕ್ಷಣಗಳಿವೆ. ಮುಟ್ಟು ಎರಡು ಮೂರು ತಿಂಗಳು ಬಾರದಿರುವುದು, ಗಲ್ಲದ ಮೇಲೆ ದಪ್ಪ ಕೂದಲು, ಬಿಡದ ಮೊಡವೆ, ಕಾರಣವಿಲ್ಲದೆ ತೂಕ ಏರುವುದು ಕಂಡರೆ ಉದಕಮಂಡಲ ಅಥವಾ ಗೂಡಲೂರಿನ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ. ರಕ್ತಪರೀಕ್ಷೆ, ಸ್ಕ್ಯಾನ್‌ನಿಂದ ಕಾರಣ ತಿಳಿಯುತ್ತದೆ, ಬಹಳ ಸಲ ಚಿಕಿತ್ಸೆಯೂ ಇದೆ. ಮದುವೆಯಾಗಿ ಮಕ್ಕಳಾಗದಿದ್ದರೆ ಗಂಡನೂ ಪರೀಕ್ಷೆಗೆ ಹೋಗಬೇಕು. ಅವನ ಪರೀಕ್ಷೆ ಹೆಂಡತಿಯದಕ್ಕಿಂತ ಸುಲಭ, ಆದರೂ ಹೋಗುವವರು ಕಡಿಮೆ.

ಆ ಹುಡುಗಿಗೆ ಇಂಥ ಯಾವ ಲಕ್ಷಣವೂ ಇಲ್ಲವೆಂದು ತಾಯಿ ಹೇಳಿದರು. ಗಂಡಿನ ಮನೆಗೆ ಈ ಪುಟವನ್ನೇ ಕಳುಹಿಸಿಕೊಡಿ ಎಂದಿದ್ದೇನೆ.