ಅಟ್ಟ ಸೇರಬೇಕಿದ್ದ ಪಾತ್ರೆ ಒಲೆ ಏರಿತು!

ಚಿಕ್ಕಮಗಳೂರು: ಬಸ್ ಸ್ಟ್ಯಾಂಡ್ ಹತ್ತಿರದ ಜವಳಿ ಅಂಗಡಿ ಯಜಮಾನರೊಬ್ಬರ ಮನೆಗೆ ಬೆಂಗಳೂರಿನಿಂದ ಮಗ ಒಂದು ಪಾತ್ರೆ ತಂದ. ಎಂಟು ಮೂಲೆಯ ಅಲ್ಯೂಮಿನಿಯಂ ಪಾತ್ರೆ. ನಡು ಸಣ್ಣ, ಪಕ್ಕಕ್ಕೊಂದು ಕಪ್ಪು ಹಿಡಿ. "ಇದ್ರಲ್ಲಿ ಮನೇಲೇ ಕ್ಯಾಪುಚಿನೋ ಮಾಡ್ಬಹುದಮ್ಮ" ಅಂದ.

ತಾಯಿ ದಿನಾ ಬಳಸುವ ಚಿಕೋರಿ ಬೆರೆತ ಪುಡಿಯನ್ನೇ ತುಂಬಿದರು. ಫಿಲ್ಟರಿಗೆ ಒತ್ತುವ ಹಾಗೆ ಗಟ್ಟಿಯಾಗಿ ಒತ್ತಿದರು. ಜೋರು ಉರಿ ಕೊಟ್ಟರು. ಮೇಲೆ ಕಾಫಿ ಬರಲಿಲ್ಲ. ಪಕ್ಕದ ಕಿಂಡಿಯಿಂದ ಬುಸ್ಸೆಂದು ಆವಿ ಹಾರಿತು! "ಮೊದಲು ತಗೊಂಡ್ ಹೋಗಿ ಅಟ್ಟಕ್ಕೆ ಹಾಕು ನಿನ್ನ ಇಟಲಿ ಬಾಂಬು!" ಎಂದು ಗದರಿದರು.

ತಪ್ಪು ಪಾತ್ರೆಯದಲ್ಲ, ತಾಯಿಯದೂ ಅಲ್ಲ. ಫಿಲ್ಟರಿನ ರೂಢಿಯನ್ನು ಬೇರೆ ಜಾತಿಯ ಪಾತ್ರೆಗೆ ಹಚ್ಚಿದ್ದೇ ಎಡವಟ್ಟು.

ಒಂದೇ ಬಂದರಿನ ನಂಟು

ಈ ಪಾತ್ರೆ ಹುಟ್ಟಿದ್ದು 1933ರಲ್ಲಿ, ಉತ್ತರ ಇಟಲಿಯಲ್ಲಿ. ಅಲ್ಯೂಮಿನಿಯಂ ಕಾರ್ಖಾನೆ ಇಟ್ಟಿದ್ದ ಅಲ್ಫೋನ್ಸೊ ಬಿಯಾಲೆಟ್ಟಿ ಇದನ್ನು ಮಾರುಕಟ್ಟೆಗೆ ತಂದರು. ಎರಡನೇ ಮಹಾಯುದ್ಧದ ನಂತರ ಮಗ ರೆನಾಟೊ ಮನೆಮನೆಗೆ ಮುಟ್ಟಿಸಿದರು. ರೆನಾಟೊ 2016ರಲ್ಲಿ ತೀರಿಕೊಂಡಾಗ ಅವರ ಚಿತಾಭಸ್ಮವನ್ನು ಇಟ್ಟಿದ್ದೂ ಇಂಥದೇ ದೊಡ್ಡ ಪಾತ್ರೆಯಲ್ಲಿ!

ಪಾತ್ರೆಯ ಹೆಸರು ಮೋಕಾ. ಅದು ಯೆಮನ್ ದೇಶದ ಬಂದರಿನ ಹೆಸರು. ಬಾಬಾ ಬುಡನ್ ಏಳು ಕಾಫಿ ಬೀಜ ತಂದು ನಮ್ಮ ಗಿರಿಯಲ್ಲಿ ಬಿತ್ತಿದರು ಎಂಬ ಕಥೆಯಲ್ಲಿ ಬರುವುದೂ ಅದೇ ಬಂದರು. ಅಂದ ಮೇಲೆ ಈ ಪಾತ್ರೆ ಈ ಊರಿಗೆ ಪರಕೀಯವೇನಲ್ಲ. ಇನ್ನೊಂದು ನಂಟೂ ಇದೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿಯೇ. ಇಲ್ಲಿನ ಬೀಜ ಹಡಗು ಹತ್ತಿ ಹೋಗುತ್ತದೆ, ಕ್ಯಾಪುಚಿನೋ ಎಂಬ ವೇಷ ಹಾಕಿ ತವರಿಗೆ ಬರುತ್ತದೆ. ಬೆಳೆದವರೇ ದುಬಾರಿ ಬೆಲೆ ಕೊಟ್ಟು ಕುಡಿಯಬೇಕು! ಮನೆಯಲ್ಲೇ ಮಾಡಿಕೊಂಡರೆ ಆ ಬೆಲೆಯಾದರೂ ಉಳಿದೀತು.

ಕುಕ್ಕರ್ ಬಲ್ಲವರಿಗೆ ಸುಲಭ

ಪಾತ್ರೆಗೆ ಮೂರು ಭಾಗ. ಕೆಳಗೆ ನೀರು, ನಡುವೆ ಪುಡಿಯ ಬಟ್ಟಲು, ಮೇಲೆ ಕಾಫಿ ಕೂಡುವ ಜಗ್ಗು. ನೀರು ಕಾದಾಗ ಕೆಳಗೆ ಒತ್ತಡ ಹೆಚ್ಚಿ, ಬಿಸಿನೀರು ಪುಡಿಯ ಮೂಲಕ ಮೇಲೇರುತ್ತದೆ. ಪಕ್ಕದ ಕಿಂಡಿ ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದ ಹಾಗೆ. ನೀರು ಅದರ ಕೆಳಗೇ ಇರಬೇಕು, ಕಿಂಡಿ ಕಟ್ಟಿಕೊಳ್ಳಬಾರದು.

ಪುಡಿ ಚಿಕೋರಿ ಇಲ್ಲದ್ದಾಗಿರಲಿ. ಚಿಕೋರಿ ನೀರಿಗೆ ಅಂಟಂಟಾಗಿ ದಾರಿ ಕಟ್ಟುತ್ತದೆ. ಪುಡಿ ಉಪ್ಪಿನ ಹದಕ್ಕೆ ಬೀಸಿ ಕೊಡಿ ಎಂದು ಕಾಫಿ ಪುಡಿ ಅಂಗಡಿಯಲ್ಲಿ ಕೇಳಿದರಾಯಿತು. ಬಟ್ಟಲಿನ ಅಂಚಿಗೆ ಸಮನಾಗಿ ತುಂಬಬೇಕು, ಒತ್ತಲೇಬಾರದು. ಉರಿ ಸಣ್ಣದಿರಲಿ. ಗೊರಗೊರ ಸದ್ದು ಬಂದೊಡನೆ ಇಳಿಸಿಬಿಡಿ, ಬಿಟ್ಟರೆ ಕಹಿ. ಪಾತ್ರೆ ಚಿಕ್ಕದಾಗಿ ಗ್ಯಾಸ್ ಒಲೆಯ ಮೇಲೆ ನಿಲ್ಲದಿದ್ದರೆ ಕೆಳಗೊಂದು ಕಬ್ಬಿಣದ ಕಾವಲಿ ಇಡಬಹುದು. ಅಲ್ಯೂಮಿನಿಯಂ ಪಾತ್ರೆಯನ್ನು ಕರೆಂಟಿನ ಇಂಡಕ್ಷನ್ ಒಲೆಯ ಮೇಲೆ ನೇರ ಇಟ್ಟರೆ ಕಾಯುವುದಿಲ್ಲ. ರಬ್ಬರ್ ರಿಂಗ್ ಸವೆದರೆ ಕುಕ್ಕರಿನ ಗ್ಯಾಸ್ಕೆಟ್ ಬದಲಿಸುವಂತೆ ಬದಲಿಸಬೇಕು.

ಒಂದು ಮಾತು ನಿಜ. ಹೋಟೆಲ್ ಯಂತ್ರದ ಒತ್ತಡ ಸುಮಾರು ಒಂಬತ್ತು ಬಾರ್. ಈ ಪಾತ್ರೆಯದು ಎರಡರ ಒಳಗೇ. ಥೇಟು ಯಂತ್ರದ ಕಾಫಿ ಬರುವುದಿಲ್ಲ. ಆದರೆ ಹಾಲಿಗೆ ತಡೆಯುವಷ್ಟು ಗಟ್ಟಿ ಡಿಕಾಕ್ಷನ್ ಖಂಡಿತ ಬರುತ್ತದೆ.

ನೊರೆಗೆ ಕಡೆಗೋಲು

ಹಾಲು ಉಕ್ಕಿದರೆ ನೊರೆ ಕೆಟ್ಟಿತು. ಕಾಯಿಸಿ ಆರಿಸಿ, ಕೆನೆ ತೆಗೆದ ಹಾಲನ್ನು ಮತ್ತೆ ಬಿಸಿ ಮಾಡಿ. ಹಬೆ ಏಳಬೇಕು, ಅಂಚಿನಲ್ಲಿ ಗುಳ್ಳೆ ಏಳಬಾರದು. ಲೆಕ್ಕಕ್ಕೆ 60ರಿಂದ 65 ಡಿಗ್ರಿ. ಕಡೆಗೋಲಿನಿಂದ ಚೆನ್ನಾಗಿ ಕಡೆದು, ಪಾತ್ರೆಯನ್ನು ಕಟ್ಟೆಗೆ ಒಮ್ಮೆ ಕುಟ್ಟಿದರೆ ದೊಡ್ಡ ಗುಳ್ಳೆ ಒಡೆದು ಬೆಣ್ಣೆಯಂಥ ನೊರೆ ಉಳಿಯುತ್ತದೆ. ಕಾಫಿ, ಹಾಲು, ನೊರೆ ಸಮಪಾಲು. ಆ ಕಂದು ಬಣ್ಣ ಕಾಪುಚಿನ್ ಸನ್ಯಾಸಿಗಳ ನಿಲುವಂಗಿಯದು. ಕ್ಯಾಪುಚಿನೋ ಹೆಸರು ಬಂದದ್ದೂ ಅಲ್ಲಿಂದಲೇ. ಇಟಲಿಯಲ್ಲಿ ಇದು ಬೆಳಗಿನ ಪಾನೀಯ. ಊಟವಾದ ಮೇಲೆ ಕೇಳಿದರೆ ಹುಬ್ಬೇರಿಸುತ್ತಾರೆ.

ಮರುದಿನ ತಾಯಿಯೇ ಎರಡನೇ ಸಲ ಇಟ್ಟರು. ಪುಡಿ ಹೊಸದು, ಉರಿ ಸಣ್ಣದು, ಕಡೆಗೋಲು ತಮ್ಮದೇ. ಕಾಫಿ ಸದ್ದಿಲ್ಲದೆ ಮೇಲೇರಿತು. ಅಟ್ಟದ ಮಾತು ಮತ್ತೆ ಬರಲಿಲ್ಲ.

ಯಜಮಾನರು ಲೋಟ ಪೂರ್ತಿ ಖಾಲಿ ಮಾಡಿ, ಮೀಸೆಯ ನೊರೆ ಒರೆಸಿಕೊಂಡರು. "ಪರವಾಗಿಲ್ಲ ಕಣೇ, ಚೆನ್ನಾಗೇ ಇದೆ. ಅಂಗಡಿಗೆ ಹೊತ್ತಾಯ್ತು, ಇನ್ನು ಕಾಫಿ ಕೊಡು!" ಅಂದರಂತೆ.