ಕಿತ್ತೂರು ರಾಣಿಯಾಗಿ ಕಂಗೊಳಿಸಿದ ಬಿ. ಸರೋಜಾದೇವಿ

ಶರಣರು ಸತ್ಯಶುದ್ಧವಾದ ಯಾವ ಕಾಯಕವನ್ನೂ ಕೀಳೆಂದು ಬಗೆಯಲಿಲ್ಲ. ಆದರೂ ತೆರೆಯ ಮೇಲೆ ಅಭಿನಯಿಸುವ ಹೆಣ್ಣುಮಗಳ ಕಾಯಕವನ್ನು ನಮ್ಮ ಮನೆತನಗಳು ಬಹುಕಾಲ ಶಂಕೆಯಿಂದಲೇ ನೋಡಿದವು. ಈ ಶಂಕೆಗೆ ತಮ್ಮ ನಡತೆಯಿಂದಲೇ ಉತ್ತರವಿತ್ತವರು ಬಿ. ಸರೋಜಾದೇವಿಯವರು.

1938ರ ಜನವರಿ 7ರಂದು ಜನಿಸಿದ ಇವರ ತಂದೆ ಭೈರಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದರು. ಮಗಳಿಗೆ ನೃತ್ಯ ಕಲಿಯಲು ಉತ್ತೇಜನವಿತ್ತವರು ಅವರೇ. ಈಜುಡುಗೆಯನ್ನಾಗಲಿ ತೋಳಿಲ್ಲದ ರವಿಕೆಯನ್ನಾಗಲಿ ತೊಡಬಾರದೆಂದು ಕಟ್ಟುಪಾಡು ಹಾಕಿದವರು ತಾಯಿ ರುದ್ರಮ್ಮನವರು. 1955ರಲ್ಲಿ ಹೊನ್ನಪ್ಪ ಭಾಗವತರ ‘ಮಹಾಕವಿ ಕಾಳಿದಾಸ’ದಿಂದ ಇವರ ಚಿತ್ರಜೀವನ ಆರಂಭವಾಯಿತು.

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಗಳು ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ಕಾಲದಲ್ಲಿ ಕಚೇರಿಗೂ ಶಾಲೆಗೂ ಉರ್ದುವೇ ಭಾಷೆ. ಕನ್ನಡವು ಮನೆಮಾತಿನಲ್ಲಿ, ಮಠಗಳ ಪುರಾಣ ಪ್ರವಚನಗಳಲ್ಲಿ ಉಸಿರು ಹಿಡಿದುಕೊಂಡಿತ್ತು. 1956ರ ನವೆಂಬರ್ 1ರಂದು ಈ ಭಾಗ ಕನ್ನಡ ನಾಡಿನಲ್ಲಿ ಒಂದಾಯಿತು. ಅನಂತರ ಐದೇ ವರ್ಷಗಳಲ್ಲಿ, 1961ರಲ್ಲಿ, ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ತೆರೆಕಂಡಿತು. 1824ರಲ್ಲಿ ಥ್ಯಾಕರೆಯ ಸೈನ್ಯವನ್ನು ಎದುರಿಸಿ ಗೆದ್ದು, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಲಿಂಗೈಕ್ಯಳಾದ ಆ ವೀರಮಾತೆಯನ್ನು ಕನ್ನಡದ ಮನೆಗಳು ಸರೋಜಾದೇವಿಯವರ ಮುಖದಲ್ಲಿಯೇ ಕಂಡವು. ಮಲ್ಲಸರ್ಜ ದೊರೆಯಾಗಿ ರಾಜಕುಮಾರರಿದ್ದರು. ಇಪ್ಪತ್ತಮೂರರ ತರುಣಿಯೊಬ್ಬಳು ಪತ್ನಿಯ ವಿನಯವನ್ನೂ ವಿಧವೆಯ ದುಃಖವನ್ನೂ ರಾಣಿಯ ಕ್ಷಾತ್ರವನ್ನೂ ತಾಳಿ ನಿಲ್ಲುವುದು ಸಾಮಾನ್ಯ ಸಾಧನೆಯಲ್ಲ.

ಇವರ ಕೀರ್ತಿ ಕನ್ನಡಕ್ಕಷ್ಟೇ ಸೀಮಿತವಾಗಲಿಲ್ಲ. ತಮಿಳಿನಲ್ಲಿ ಎಂ.ಜಿ.ಆರ್. ಅವರೊಡನೆ ‘ನಾಡೋಡಿ ಮನ್ನನ್’ (1958), ತೆಲುಗಿನಲ್ಲಿ ಎನ್.ಟಿ.ಆರ್. ಅವರೊಡನೆ ‘ಪಾಂಡುರಂಗ ಮಹಾತ್ಮ್ಯಂ’ (1957), ಹಿಂದಿಯಲ್ಲಿ ದಿಲೀಪ್ ಕುಮಾರರೊಡನೆ ‘ಪೈಗಾಮ್’ (1959). ಈ ಕೊನೆಯದು ಗಿರಣಿ ಕಾರ್ಮಿಕರ ಬವಣೆಯ ಕಥೆ. ಸಿಮೆಂಟ್ ಕಾರ್ಖಾನೆಗಳ ಸೈರನ್ನಿಗೆ ಎದ್ದು ದುಡಿದ ವಾಡಿ, ಶಹಾಬಾದಿನ ಕುಟುಂಬಗಳಿಗೆ ಅದರ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

1967ರಲ್ಲಿ ಶ್ರೀಹರ್ಷರೊಡನೆ ವಿವಾಹವಾಯಿತು. ಮದುವೆಯಾದೊಡನೆ ನಟಿಯ ಬಾಳು ತೆರೆಮರೆಗೆ ಸರಿಯಿತೆಂದೇ ಜನ ಎಣಿಸುತ್ತಿದ್ದ ಕಾಲವದು. ಇವರಾದರೋ ಪುಟ್ಟಣ್ಣ ಕಣಗಾಲರ ‘ಮಲ್ಲಮ್ಮನ ಪವಾಡ’ (1969) ಮೊದಲಾದ ಚಿತ್ರಗಳಲ್ಲಿ ನಾಯಕಿಯಾಗಿಯೇ ಮುಂದುವರಿದರು. ‘ಬಭ್ರುವಾಹನ’ದಲ್ಲಿ (1977) ಚಿತ್ರಾಂಗದೆಯಾಗಿ ವೀರಪುತ್ರನ ತಾಯಿಯಾದರು. 1986ರಲ್ಲಿ ಪತಿವಿಯೋಗದ ದುಃಖ ಬಂದೆರಗಿತು. ಅದನ್ನೂ ನುಂಗಿಕೊಂಡು ಮತ್ತೆ ಬಣ್ಣ ಹಚ್ಚಿದರು. 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅರಸಿ ಬಂದವು.

2019ರ ‘ನಟಸಾರ್ವಭೌಮ’ದಲ್ಲಿ ಇವರು ಪುನೀತ್ ರಾಜಕುಮಾರರೊಡನೆ ಕಾಣಿಸಿಕೊಂಡರು. ತಂದೆಯೊಡನೆ ಕಿತ್ತೂರಿನ ರಾಣಿಯಾಗಿ ನಟಿಸಿ ಆಗ 58 ವರ್ಷಗಳು ಸಂದಿದ್ದವು. 2025ರ ಜುಲೈ 14ರಂದು ಬೆಂಗಳೂರಿನಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಅವರು ಇಹಲೋಕ ತ್ಯಜಿಸಿದರು. ಅವರ ಇಚ್ಛೆಯಂತೆ ನೇತ್ರದಾನ ನೆರವೇರಿತು. ಚನ್ನಪಟ್ಟಣ ತಾಲ್ಲೂಕಿನ ದಶವಾರ ಗ್ರಾಮದಲ್ಲಿ ಸರ್ಕಾರಿ ಗೌರವದೊಡನೆ ಅಂತ್ಯಕ್ರಿಯೆ ಜರುಗಿತು.

ಇಂದು ನಮ್ಮ ಹೆಣ್ಣುಮಕ್ಕಳು ಸಂಗೀತ, ನಾಟಕ, ನೃತ್ಯಗಳತ್ತ ಒಲವು ತೋರಿದರೆ ಹಿರಿಯರು ಹುಬ್ಬು ಗಂಟಿಕ್ಕುವುದು ತಪ್ಪಿಲ್ಲ. ಮದುವೆಯ ಮಾತುಕತೆಯಲ್ಲಿ ಆಕೆಯ ವಿದ್ಯೆಯನ್ನು ಮೆಚ್ಚಿ, ಮದುವೆಯ ಮರುದಿನವೇ ಅದನ್ನು ಮೂಲೆಗಿಡಿಸುವ ಮನೆಗಳೂ ಉಂಟು. ಅಂಥ ಹಿರಿಯರು ಈ ತಾಯಿಯ ಬಾಳನ್ನೊಮ್ಮೆ ನೆನೆಯಬೇಕು. ತಂದೆಯ ಉತ್ತೇಜನ, ತಾಯಿಯ ಎಚ್ಚರ ಎರಡೂ ಕೂಡಿದಾಗ ಮಗಳ ಕಾಯಕಕ್ಕೆ ಕಳಂಕ ತಟ್ಟಲಿಲ್ಲ. ಅದು ಅರುವತ್ತು ವರ್ಷಗಳಿಗೂ ಮಿಕ್ಕಿ ಬೆಳಗಿತು.